ಡೈರಿಯಲ್ಲಿ ಉಳಿದ ಚಿತ್ರ

2003ರ ಮಾರ್ಚ್‌ನಲ್ಲಿ ಪತ್ರಿಕೆಯಿಂದ ಕತ್ತರಿಸಿಟ್ಟ ಚಿತ್ರವೊಂದು ಇಂದಿಗೂ ನನ್ನ ಹಳೆಯ ಡೈರಿಯಲ್ಲಿದೆ. ಕಿತ್ತಳೆ ಜಾಕೆಟ್ ತೊಟ್ಟು, ಧ್ವನಿವರ್ಧಕ ಹಿಡಿದು ಇಸ್ರೇಲಿ ಬುಲ್ಡೋಜರ್‌ಗೆ ಎದುರಾಗಿ ನಿಂತ ಅಮೆರಿಕನ್ ಹುಡುಗಿ, ರೇಚಲ್ ಕೋರಿ. ಗಾಝಾದ ರಫಾದಲ್ಲಿ ಫೆಲೆಸ್ತೀನಿ ಔಷಧ ವ್ಯಾಪಾರಿಯೊಬ್ಬರ ಮನೆ ಉಳಿಸಲು ಹೋಗಿ ಮಾರ್ಚ್ 16ರಂದು ಬುಲ್ಡೋಜರಿನಡಿ ಸಿಲುಕಿ ಸತ್ತಳು. ವಯಸ್ಸು 23. ಚಾಲಕನಿಗೆ ಆಕೆ ಕಾಣಿಸಲಿಲ್ಲವೆಂದಿತು ಸೇನೆ. 2012ರಲ್ಲಿ ಹೈಫಾದ ನ್ಯಾಯಾಲಯವೂ ಅಪಘಾತವೆಂದೇ ತೀರ್ಪಿತ್ತಿತು.

ಆ ಬುಲ್ಡೋಜರ್ ಕೂಡ ಅಮೆರಿಕದ್ದೇ, ಕ್ಯಾಟರ್‌ಪಿಲ್ಲರ್ ಕಂಪೆನಿಯದು. ಹೆತ್ತವರು ಕಂಪೆನಿಯ ಮೇಲೆ ದಾವೆ ಹೂಡಿದರು. 2007ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಕೊಟ್ಟ ಕಾರಣ ನೋಡಿ: ಯಂತ್ರಗಳಿಗೆ ಹಣ ತೆತ್ತದ್ದು ಅಮೆರಿಕ ಸರಕಾರ, ಕಂಪೆನಿಯನ್ನು ವಿಚಾರಿಸಿದರೆ ಸರಕಾರದ ವಿದೇಶಾಂಗ ನೀತಿಯನ್ನೇ ಪ್ರಶ್ನಿಸಿದಂತಾಗುತ್ತದೆ, ಅದು ನ್ಯಾಯಾಲಯದ ಕೆಲಸವಲ್ಲ! ಅಂದರೆ ಮಗಳನ್ನು ಕೊಂದ ಯಂತ್ರದಲ್ಲಿ ಹೆತ್ತವರ ತೆರಿಗೆಯ ಪಾಲೂ ಇತ್ತು.

ಪಾಶ್ಚಾತ್ಯರೆಲ್ಲ ಒಂದೇ ಎಂದು ಮಸೀದಿಯ ಜಗಲಿಯಲ್ಲಿ ಕುಳಿತು ಬೈದವರಲ್ಲಿ ನಾನೂ ಒಬ್ಬ. ಈ ಹುಡುಗಿ ನನ್ನ ಬಾಯಿ ಕಟ್ಟಿದಳು. ಬೈಯುವುದಕ್ಕೆ ಜಗಲಿ ಸಾಕು, ಆಕೆ ರಫಾದವರೆಗೆ ಹೋಗಿದ್ದಳು.

ನನ್ನ ಕಿರಿಯ ಮಗಳಿಗೆ ಈಗ 23. ಮೊನ್ನೆ ಚಿತ್ರ ನೋಡಿ ಕೇಳಿದಳು: "ಮನೆಯವರು ಹೋಗಲು ಬಿಟ್ಟರಾ? ನೀವು ಬಿಡುತ್ತಿದ್ದಿರಾ?"

ನಾನು ಡೈರಿ ಮುಚ್ಚಿಟ್ಟೆ.