ಸವೆದ ಅಕ್ಷರದ ಆಚೆಗೆ

ಆ ಭಾನುವಾರ ದಾವಣಗೆರೆಯಿಂದ ಹರಿಹರದ ಬಸ್ಸು ಹತ್ತಿದ್ದು ದೇವರ ದರ್ಶನಕ್ಕಲ್ಲ. ನನ್ನ ಪಿಎಚ್.ಡಿ. ಪ್ರಬಂಧದ ಮೂರನೆಯ ಅಧ್ಯಾಯಕ್ಕೆ ಒಂದು ಫೋಟೊ ಬೇಕಿತ್ತು. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರ ಗುಡಿಯಲ್ಲಿ ಶಾಸನದ ಕಲ್ಲುಗಳಿಗೆ ಬರವಿಲ್ಲ. ಅವುಗಳ ಪಾಠ ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ'ದ 11ನೆಯ ಸಂಪುಟದಲ್ಲಿದೆ.

ಈ ಸೀಮೆಯ ದಾನಶಾಸನಗಳನ್ನು ಎರಡು ವರ್ಷ ಕೂತು ಟೈಪು ಮಾಡಿದ್ದೆ. ಶಾಸನಗಳಿಗೆಂದೇ ಇರುವ ಎಪಿಡಾಕ್ ಪದ್ಧತಿಯನ್ನು ಸರಳಗೊಳಿಸಿಕೊಂಡು, ದಾನದ ಭಾಗಕ್ಕೆ ಒಂದು ಟ್ಯಾಗ್, ಅದರೊಳಗೆ ಅಕ್ಷರ ಅಳಿಸಿಹೋದ ಕಡೆಗೆಲ್ಲ 'ಗ್ಯಾಪ್' ಎಂಬ ಟ್ಯಾಗ್ ಹಾಕಿದ್ದೆ. ಅವನ್ನು ಓದಿಸಲು ಬಳಸಿದ್ದು ಪೈಥಾನಿನ ಎಲಿಮೆಂಟ್‌ಟ್ರೀ. ಫ್ರೆಡ್ರಿಕ್ ಲುಂಡ್ ಬರೆದ ಈ ಪುಟ್ಟ ಲೈಬ್ರರಿ 2006ರಿಂದ ಪೈಥಾನಿನ ಜೊತೆಗೇ ಬರುತ್ತದೆ. ಹತ್ತು ಸಾಲು ಬರೆದರೆ ಕೆಲಸ ಮುಗಿಯುತ್ತದೆ. ನನ್ನದೂ ಮುಗಿದಿತ್ತು.

ಬಂದ ಫಲಿತಾಂಶ ಸೊಗಸಾಗಿತ್ತು: ಹಳೆಯ ಶಾಸನಗಳಲ್ಲಿ ಮತ್ತರು, ಕಮ್ಮ ಎಂಬ ಭೂಮಿಯ ಅಳತೆಗಳು ಕಡಿಮೆ, ಈಚಿನವುಗಳಲ್ಲಿ ಹೆಚ್ಚು. ಕಾಲ ಕಳೆದಂತೆ ಅಳತೆಯ ಶಿಸ್ತು ಬೆಳೆಯಿತು ಎಂದು ನಾಲ್ಕು ಪುಟ ಬರೆದೆ. ಇಡೀ ಪ್ರಬಂಧದಲ್ಲಿ ನನಗೆ ಹೆಮ್ಮೆಯಿದ್ದದ್ದು ಆ ನಾಲ್ಕು ಪುಟಗಳ ಬಗ್ಗೆ.

ಗುಡಿಯಲ್ಲಿ ಕಲ್ಲಿನ ಮುಂದೆ ನಿಂತು, ಕಂಪ್ಯೂಟರ್ ಕೊಟ್ಟ ಪಾಠದ ಪ್ರಿಂಟನ್ನು ಹಿಡಿದು ಹೋಲಿಸಿದೆ. ಕಲ್ಲಿನಲ್ಲಿ ಒಂದು ಕಡೆ ಚಕ್ಕೆ ಎದ್ದು ಮೂರು ಅಕ್ಷರ ಹೋಗಿದ್ದವು. ಅದನ್ನು ದಾಟಿದರೆ ಮತ್ತೆ ಅಕ್ಷರಗಳು ಸ್ಪಷ್ಟವಾಗಿದ್ದವು. ನನ್ನ ಹಾಳೆಯಲ್ಲಿ ಮಾತ್ರ ಪಾಠ ಆ ಚಕ್ಕೆಯ ಹತ್ತಿರವೇ ನಿಂತುಬಿಟ್ಟಿತ್ತು.

ಬಸ್ಸಿನಲ್ಲಿ ವಾಪಸ್ ಬರುವಾಗ ಮೊಬೈಲಿನಲ್ಲೇ ಕೈಪಿಡಿ ತೆಗೆದು ಓದಿದೆ. ಎಲಿಮೆಂಟ್‌ಟ್ರೀಯಲ್ಲಿ 'ಟೆಕ್ಸ್ಟ್' ಎಂದರೆ ಒಂದು ಟ್ಯಾಗಿನೊಳಗೆ ಮೊದಲ ಒಳಟ್ಯಾಗ್ ಬರುವವರೆಗಿನ ಬರಹ ಮಾತ್ರ. ಅದರ ಆಚೆಗಿನದು ಆ ಒಳಟ್ಯಾಗಿನ 'ಟೇಲ್', ಅಂದರೆ ಬಾಲ. ನಾನು ಬಾಲವನ್ನು ಕೇಳಿಯೇ ಇರಲಿಲ್ಲ. ಲೈಬ್ರರಿ ಸುಳ್ಳು ಹೇಳಿರಲಿಲ್ಲ, ಕೇಳಿದ್ದಷ್ಟನ್ನೇ ಕೊಟ್ಟಿತ್ತು. ಹಳೆಯ ಕಲ್ಲುಗಳು ಹೆಚ್ಚು ಸವೆದಿರುತ್ತವೆ. ಸವೆದ ಕಡೆಯೇ ನನ್ನ ಓದು ನಿಂತದ್ದರಿಂದ ಅವುಗಳ ಅಳತೆಗಳೆಲ್ಲ ಮಾಯವಾಗಿದ್ದವು. ನಾನು 'ಶಿಸ್ತು' ಎಂದದ್ದು ಬರೀ ಬಿರುಕು.

ದಾನಶಾಸನಗಳ ಕೊನೆಯಲ್ಲಿ ಸಾಮಾನ್ಯವಾಗಿ ಶಾಪವಿರುತ್ತದೆ, ಈ ದಾನವನ್ನು ಅಳಿಸಿದವರಿಗೆ. ಎಷ್ಟೋ ದಾನಗಳನ್ನು ಕೂತಲ್ಲೇ ಅಳಿಸಿದ್ದ ನನಗೆ ಆ ಎಚ್ಚರಿಕೆಯೂ ಸಿಕ್ಕಿರಲಿಲ್ಲ. ಶಾಪವೂ ಬಾಲದಲ್ಲೇ ಇತ್ತು!

ಸೋಮವಾರ ಗೈಡ್ ಕೊಠಡಿಗೆ ಹೋಗಿ, "ಮೇಡಂ, ಆ ನಾಲ್ಕು ಪುಟ ತಪ್ಪು" ಎಂದೆ.

"ನಾನು ಚೆನ್ನಾಗಿದೆ ಅಂದಿದ್ದೆನಲ್ಲ, ಅದೇ ಏನಮ್ಮಾ?"

"ಅದೇ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಅಧ್ಯಾಯ ಈ ತಿಂಗಳು ಕೊಡೋದಕ್ಕಾಗಲ್ಲ ಬಿಡು" ಎಂದರು. ಬೈದಿದ್ದರೆ ಹಗುರವಾಗುತ್ತಿತ್ತು.

ಆಚೆಗಿನದನ್ನೂ ಸೇರಿಸಿ ಓದಿಸುವುದು ಒಂದು ಸಾಲಿನ ಬದಲಾವಣೆ. 'ಇಟರ್‌ಟೆಕ್ಸ್ಟ್' ಎಂದರೆ ಒಳಗಿರುವುದೆಲ್ಲ ಬರುತ್ತದೆ. ಆದರೆ ಅದರಲ್ಲಿ ಇನ್ನೊಂದು ತೊಡಕು. ಅಳಿದ ಜಾಗದಲ್ಲಿ ಸಂಪಾದಕರು ಊಹಿಸಿ ತುಂಬಿದ ಅಕ್ಷರಗಳಿಗೆ ನಾನು ಬೇರೆ ಟ್ಯಾಗ್ ಹಾಕಿದ್ದೆ. ಎಲ್ಲವನ್ನೂ ಒಟ್ಟಿಗೆ ತೆಗೆದರೆ ಆ ಊಹೆಯೂ ಕಲ್ಲಿನ ಮಾತೇ ಆಗಿಬಿಡುತ್ತದೆ. ಮೊದಲು ಇದ್ದದ್ದನ್ನು ಕಳೆದಿದ್ದೆ, ಈಗ ಇಲ್ಲದ್ದನ್ನು ಸೇರಿಸುತ್ತಿದ್ದೆ.

ಈಗ ನನ್ನ ಪಟ್ಟಿಯಲ್ಲಿ ಮೂರು ಕಲಂ ಇವೆ: ಕಲ್ಲು ಹೇಳಿದ್ದು, ಸಂಪಾದಕರು ಊಹಿಸಿದ್ದು, ಯಾರಿಗೂ ಕಾಣದ್ದು. ಮೂರನೆಯದನ್ನು ಖಾಲಿ ಬಿಟ್ಟಿಲ್ಲ. ಎಷ್ಟು ಅಕ್ಷರ ಹೋಗಿವೆ ಎಂದು ಎಣಿಸಿ ಬರೆಯುತ್ತಿದ್ದೇನೆ. ಅಳತೆಗಳ ಎಣಿಕೆ ಇನ್ನೂ ಮುಗಿದಿಲ್ಲ.