ಬೀಸುಕಲ್ಲಿನ ಸೀಮೆ

ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಮನೆ ಸಿಕ್ಕಿತು, ಅಕ್ಕಿ ಬೇಳೆ ಸಿಗುವ ಅಂಗಡಿಯೂ ಗೊತ್ತಾಯಿತು. ಆದರೂ ಬೆರಳುಗಳಿಗೆ ಏನೋ ಕೊರತೆ. ರಾಮನಗರದ ಕಗ್ಗಲ್ಲಿನ ಮೇಲೆ ಹತ್ತಲು ಕಲಿತು, ಬಾದಾಮಿಯ ಕೆಂಪು ಮರಳುಗಲ್ಲಿನಲ್ಲಿ ಪಳಗಿದವಳು ನಾನು. ಊರು ಬಿಡುವಾಗ ಉಪ್ಪಿನಕಾಯಿ ಡಬ್ಬಿಯ ಪಕ್ಕದಲ್ಲೇ ಹತ್ತುವ ಬೂಟುಗಳನ್ನೂ ಇಟ್ಟುಕೊಂಡಿದ್ದೆ.

ಇಲ್ಲಿ ಚಳಿಗಾಲದಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು. ಹಾಗಾಗಿ ಊರೊಳಗಿನ ಕೃತಕ ಗೋಡೆಗಳೇ ಗತಿ. ಅಲ್ಲೇ ಒಂದು ಸಂಜೆ ನನ್ನ ಹಗ್ಗ ಹಿಡಿದಿದ್ದ ಬೆಳ್ಳಿಕೂದಲಿನ ಹೆಂಗಸೊಬ್ಬರು, "ಭಾನುವಾರ ಮಳೆಯಿಲ್ಲದಿದ್ದರೆ ಸ್ಟ್ಯಾನೇಜಿಗೆ ಬಾ" ಎಂದರು. ಪರದೇಶದಲ್ಲಿ ಮೊದಲು ಹುಡುಕಬೇಕಾದದ್ದು ಹಗ್ಗ ಹಿಡಿಯುವ ಕೈಯನ್ನು, ನಕ್ಷೆ ಆಮೇಲೆ.

ಹ್ಯಾದರ್ಸೇಜಿನಲ್ಲಿ ರೈಲಿಳಿದು, ಕುರಿ ಮೇಯುವ ಹುಲ್ಲುಗಾವಲುಗಳ ನಡುವೆ ಏರುತ್ತ ಹೋದೆವು. ಬೆಟ್ಟದ ನೆತ್ತಿಯುದ್ದಕ್ಕೂ ಸೀರೆಯ ಅಂಚಿನಂತೆ ಬಂಡೆ, ಅದೇ ಸ್ಟ್ಯಾನೇಜ್. ಎತ್ತರ ಹೆಚ್ಚಿಲ್ಲ, ಉದ್ದ ಮಾತ್ರ ಐದಾರು ಕಿಲೋಮೀಟರು, ಹತ್ತುವ ದಾರಿಗಳು ಸಾವಿರಕ್ಕೂ ಹೆಚ್ಚು. ಬುಡದಲ್ಲಿ ಜರಿಗಿಡಗಳ ನಡುವೆ ದುಂಡನೆಯ ಬೀಸುಕಲ್ಲುಗಳು ಬಿದ್ದಿದ್ದವು. ಹಿಂದಿನವರು ಕಡೆದು ಮುಗಿಸಿದ್ದರು; ಬೇಡಿಕೆ ಬಿದ್ದುಹೋಗಿ ಯಾರೂ ಒಯ್ಯಲಿಲ್ಲ. ಈ ಶಿಲೆಯ ಹೆಸರೇ ಮಿಲ್‌ಸ್ಟೋನ್ ಗ್ರಿಟ್. ಒಂದರ ಮೇಲೆ ಅಂಗೈ ಇಟ್ಟೆ. ಅಜ್ಜಿಯ ರಾಗಿಕಲ್ಲಿನದೇ ತರಿ! ಬೂಟಿನ ರಬ್ಬರನ್ನು ಕಚ್ಚಿ ಹಿಡಿಯುವುದು ಆ ತರಿಯೇ. ಚಳಿಯಿದ್ದಷ್ಟೂ ಕೈ ಬೆವರದು, ಹಿಡಿತ ಜಾರದು. ಬಿಸಿಲೇರುವ ಮೊದಲೇ ರಾಮನಗರದ ಬಂಡೆಯಿಂದ ಇಳಿದುಬಿಡುತ್ತಿದ್ದ ನಾನು, ಇಲ್ಲಿ ಎರಡು ಸ್ವೆಟರು ತೊಟ್ಟು ಹತ್ತಿದೆ.

ಬಾದಾಮಿಯಲ್ಲಿ ಬಂಡೆಗೆ ಹೊಡೆದ ಬೋಲ್ಟುಗಳಿಗೆ ಹಗ್ಗ ಸಿಕ್ಕಿಸುತ್ತ ಏರುತ್ತಿದ್ದೆ. ಸ್ಟ್ಯಾನೇಜಿನಲ್ಲಿ ಬೋಲ್ಟ್ ಹೊಡೆಯುವಂತಿಲ್ಲ. ಅದು ಹತ್ತುವವರೇ ಕಾಯ್ದುಕೊಂಡು ಬಂದ ಕಟ್ಟುಪಾಡು. ಮುಂದೆ ಏರುವವರು ಬಿರುಕಿನಲ್ಲಿ ಲೋಹದ ಬೆಣೆ ಕೂರಿಸಬೇಕು, ಹಿಂದೆ ಬರುವವರು ಬಿಡಿಸಿ ತರಬೇಕು. ಈ ಬೆಣೆಗೆ ಇಂದಿಗೂ 'ನಟ್' ಎಂದೇ ಹೆಸರು, ಏಕೆಂದರೆ ಹಳಬರು ರೈಲು ಹಳಿಯ ಬದಿಯಲ್ಲಿ ಸಿಕ್ಕ ನಿಜವಾದ ನಟ್ಟುಗಳಿಗೇ ದಾರ ಪೋಣಿಸಿ ಬಳಸುತ್ತಿದ್ದರು. ಅಂದು ನಾನು ಹಿಂದೆ ಬಂದವಳು. ಒಂದೊಂದು ಬೆಣೆ ಬಿಡಿಸುವಾಗಲೂ ಮೇಲಿನ ಆ ಹೆಂಗಸು ಅದನ್ನು ಎಷ್ಟು ಯೋಚಿಸಿ ಕೂರಿಸಿದ್ದಾರೆಂಬುದು ಬೆರಳಿಗೆ ತಿಳಿಯುತ್ತಿತ್ತು. ಹತ್ತುವುದನ್ನು ನಾನು ಎರಡನೆಯ ಸಲ ಕಲಿತದ್ದು ಹೀಗೆ.

ಮೇಲೆ ಕೂತು ಚಹಾ ಕುಡಿಯುವಾಗ ಅವರು ಪಶ್ಚಿಮಕ್ಕೆ ಕೈ ತೋರಿ ಕಿಂಡರ್ ಸ್ಕೌಟ್ ಬೆಟ್ಟದ ಕಥೆ ಹೇಳಿದರು. ಗ್ರೌಸ್ ಹಕ್ಕಿಯ ಬೇಟೆಗೆಂದು ಜಮೀನ್ದಾರರು ಕಾವಲಿಟ್ಟಿದ್ದ ಬೆಟ್ಟಕ್ಕೆ 1932ರ ಏಪ್ರಿಲ್ 24ರಂದು ನೂರಾರು ಮಂದಿ ನುಗ್ಗಿ ನಡೆದರು, ಹೆಚ್ಚಿನವರು ಗಿರಣಿ ಊರುಗಳ ದುಡಿಯುವ ಹುಡುಗರು. ಐವರು ಜೈಲಿಗೆ ಹೋದರು. 1951ರಲ್ಲಿ ಈ ಸೀಮೆ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ಎಲ್ಲಿಂದಲೋ ಬಂದ ನಾನು ಯಾರ ಅಪ್ಪಣೆಯನ್ನೂ ಕೇಳದೆ ಈ ಬಂಡೆ ಮುಟ್ಟುವುದರಲ್ಲಿ ಆ ಹುಡುಗರ ಪಾಲಿದೆ.

ವಸಂತದಲ್ಲಿ ಮತ್ತೆ ಹೋದಾಗ ಒಂದು ದಾರಿಯ ಬುಡದಲ್ಲಿ ಫಲಕವಿತ್ತು: ಇಲ್ಲಿ ಹಕ್ಕಿ ಗೂಡು ಕಟ್ಟಿದೆ, ದಯವಿಟ್ಟು ಹತ್ತಬೇಡಿ. ಎದೆಯ ಮೇಲೆ ಬಿಳಿ ಪಟ್ಟಿಯಿರುವ ರಿಂಗ್ ಊಜಲ್, ಚಳಿಗಾಲವನ್ನು ಉತ್ತರ ಆಫ್ರಿಕಾದಲ್ಲಿ ಕಳೆದು ಬರುವ ಹಕ್ಕಿ. ಅಲ್ಲಿದ್ದವರೆಲ್ಲ ಸುಮ್ಮನೆ ಹಗ್ಗ ಸುತ್ತಿಕೊಂಡು ಪಕ್ಕದ ಬಂಡೆಗೆ ಸರಿದರು. 2012ರಲ್ಲಿ ರಾಮನಗರದ ರಾಮದೇವರಬೆಟ್ಟ ರಣಹದ್ದುಗಳ ಧಾಮವಾದಾಗ, ನಮ್ಮ ಬಂಡೆ ಕೈತಪ್ಪಿತೆಂದು ನಾನು ತಿಂಗಳುಗಟ್ಟಲೆ ಕೊರಗಿದ್ದೆ. ಆ ಕೊರಗು ತಪ್ಪಾಗಿತ್ತು.

ಈ ಕಡೆ ಬರುವ ಕನ್ನಡದ ಗೆಳೆಯರೇ, ಬೂಟು ತನ್ನಿ, ಹಗ್ಗ ನನ್ನ ಬಳಿ ಇದೆ. ಏಪ್ರಿಲಿನ ನಂತರ ಬಂದರೆ ಮೊದಲು ಫಲಕ ಓದಿ, ಆಮೇಲೆ ಹತ್ತೋಣ.