ಕೇರಂ ಹಲಗೆ ಕಲಿಸಿದ ನ್ಯಾಯದ ಪಾಠ

ಮಕ್ಕಳ ಆಟಪಾಟಗಳನ್ನು ಇಸ್ಲಾಮ್ ನಿಷೇಧಿಸಿಲ್ಲ. ಹಝ್ರತ್ ಆಯಿಶಾ(ರ)ರ ಗೊಂಬೆಗಳ ನಡುವೆ ರೆಕ್ಕೆಗಳಿದ್ದ ಕುದುರೆಯೊಂದನ್ನು ಕಂಡು ಪ್ರವಾದಿವರ್ಯರು(ಸ) ವಿಚಾರಿಸಿದ್ದು, ಪ್ರವಾದಿ ಸುಲೈಮಾನ್(ಅ)ರ ಕುದುರೆಗಳಿಗೆ ರೆಕ್ಕೆಗಳಿದ್ದುದನ್ನು ತಾವು ಕೇಳಿಲ್ಲವೇ ಎಂಬ ಅವರ ಉತ್ತರಕ್ಕೆ ಮನದುಂಬಿ ನಕ್ಕದ್ದು ಅಬೂ ದಾವೂದ್‌ನ ಹದೀಸ್‌ನಲ್ಲಿ ಬಂದಿದೆ. ಆಟದಲ್ಲಿ ಪಣವಿರಬಾರದು, ನಮಾಝಿನ ವೇಳೆ ಮೀರಬಾರದು ಎಂಬುದನ್ನು ನಾವೆಲ್ಲರೂ ಮಕ್ಕಳಿಗೆ ಹೇಳುತ್ತೇವೆ. ಆದರೆ ಆಟಕ್ಕೆ ನ್ಯಾಯವೂ ಬೇಕು ಎಂಬುದರತ್ತ ನಮ್ಮ ಗಮನ ಹರಿಯುವುದು ಕಡಿಮೆ.

ನಮ್ಮ ಬಂಧುಗಳ ಮನೆಗಳು ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗಗಳಲ್ಲಿ ಹಂಚಿಹೋಗಿವೆ. ಈದ್ ಬಂದರೆ ಎಲ್ಲರ ಮಕ್ಕಳೂ ಬೈಲಹೊಂಗಲದ ನಮ್ಮ ಮನೆಯಲ್ಲಿ ಸೇರುತ್ತಾರೆ. ಅವರನ್ನು ಮೊಬೈಲಿನಿಂದ ಬಿಡಿಸಿ ಒಂದೆಡೆ ಕೂರಿಸುವ ಶಕ್ತಿಯಿರುವುದು ಹಳೆಯ ಕೇರಂ ಹಲಗೆಗೆ ಮಾತ್ರ. ಅದು ಮೊದಲು ಕಿತ್ತೂರಿನ ಮಾಮೂ ಅವರ ಮನೆಯಲ್ಲಿತ್ತು. ಮಲೆನಾಡಿನ ಸೆರಗಿನಂತಿರುವ ಆ ಊರಿನ ಮಳೆಯ ತೇವವನ್ನು ಕುಡಿದು, ಆಮೇಲೆ ರಾಮದುರ್ಗದ ಬಯಲಿನ ಬಿಸಿಲಿಗೆ ಒಣಗಿ, ಕೊನೆಗೆ ನಮ್ಮಲ್ಲಿಗೆ ಬಂದಿತು. ತೇವಕ್ಕೆ ಹಿಗ್ಗುವುದು, ಬಿಸಿಲಿಗೆ ಕುಗ್ಗುವುದು ಮರದ ಸ್ವಭಾವ. ಹಲಗೆ ಎಲ್ಲಿ ಬಾಗಿದೆಯೆಂದು ಮಾತ್ರ ಯಾರಿಗೂ ತಿಳಿದಿರಲಿಲ್ಲ.

ಮಕ್ಕಳಲ್ಲಿ ಎಲ್ಲರಿಗಿಂತ ಕಿರಿಯವನು ಸವದತ್ತಿಯ ನನ್ನ ತಂಗಿಯ ಮಗ. ದೊಡ್ಡವರು ತಮಗೆ ಬೇಕಾದ ಕಡೆ ಕುಳಿತ ಮೇಲೆ ಉಳಿದ ಜಾಗ ಅವನದು. ಅಲ್ಲಿ ಕುಳಿತು ಅವನು ಪ್ರತಿಸಲವೂ ಸೋಲುತ್ತಿದ್ದ. ಉಳಿದ ಮಕ್ಕಳು ಅವನಿಗೆ ‘ಸೋಲಪ್ಪ’ ಎಂದು ಹೆಸರಿಟ್ಟರು. ಕೆಲವೇ ದಿನಗಳಲ್ಲಿ ಅವನು ಆಟಕ್ಕೇ ಬರಲೊಲ್ಲೆನೆಂದು ಅಡುಗೆಮನೆಯಲ್ಲಿ ತಾಯಿಯ ಪಕ್ಕ ಕೂರತೊಡಗಿದ.

ಆ ಹೊತ್ತಿಗೆ ಹಲಗೆಯ ಚೌಕಟ್ಟೂ ಸಡಿಲವಾಗಿತ್ತು. ಓಣಿಯ ಬಡಿಗೇರ ಅಜ್ಜನನ್ನು ಕರೆಸಿದೆವು. ಅವರು ರಸಮಟ್ಟವನ್ನು ಹಲಗೆಯ ಮೇಲೆ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಇಟ್ಟು ನೋಡಿದರು. ಆ ಹುಡುಗ ಕೂರುತ್ತಿದ್ದ ಕಡೆ ಅಡಿಯ ಪಟ್ಟಿ ಕಿತ್ತುಬಂದು ಪ್ಲೈವುಡ್ ಜೋತುಬಿದ್ದಿತ್ತು. ಎದುರಿಗಿದ್ದವನು ಇಳಿಜಾರಿನಲ್ಲಿ ಹೊಡೆದರೆ, ಇವನು ತನ್ನ ಪುಟ್ಟ ಬೆರಳುಗಳಿಂದ ಪ್ರತಿಸಲವೂ ಏರಿನತ್ತ ಹೊಡೆಯಬೇಕಿತ್ತು.

ಅಜ್ಜ ಹುಡುಗನನ್ನು ಹತ್ತಿರ ಕರೆದು ನಮ್ಮೆಲ್ಲರಿಗೂ ಕೇಳಿಸುವಂತೆ ಹೇಳಿದರು: “ಹುಡುಗನ ಕೈ ಚಲೋ ಐತ್ರಿ. ಹಲಗಿನ ಡೊಂಕ ಆಗೈತಿ.”

ದುರಸ್ತಿಗೆ ಮಕ್ಕಳೆಲ್ಲರೂ ಕೈಹಚ್ಚಿದರು. ಮೊದಲು ದಾರ ಹಿಡಿದು ಮೂಲೆಯಿಂದ ಮೂಲೆಗೆ ಎರಡೂ ಕರ್ಣಗಳನ್ನು ಅಳೆದೆವು. ಅವು ಸಮವಾಗಿದ್ದರೆ ಮಾತ್ರ ಚೌಕಟ್ಟು ನಿಜವಾದ ಚೌಕ. ಸಡಿಲಾದ ಮೂಲೆಗಳಿಗೆ ಅಂಟು ಹಚ್ಚಿ ಬಿಗಿದೆವು. ಅಡಿಗೆ ಹೊಸ ಪಟ್ಟಿ ಕೂಡಿಸಿ, ಮೇಲೆ ಭಾರ ಹೇರಿ ರಾತ್ರಿಯಿಡೀ ಬಿಟ್ಟೆವು. ಮರುದಿನ ಅಜ್ಜ ಮತ್ತೆ ರಸಮಟ್ಟ ಇಟ್ಟು ನೋಡಿದರು; ನಡುವಿನ ಗುಳ್ಳೆ ಕದಲಲಿಲ್ಲ. ಹರಿದ ಜಾಳಿಗೆಗಳನ್ನು ಹೆಣ್ಣುಮಕ್ಕಳು ಹತ್ತಿಯ ದಾರದಿಂದ ಹೆಣೆದರು. ಒಂದು ಕೆಂಪು, ಒಂಬತ್ತು ಬಿಳಿ, ಒಂಬತ್ತು ಕಪ್ಪು ಹೀಗೆ 19 ಕಾಯಿಗಳನ್ನು ಎಣಿಸಿ ಒರೆಸಿದರು. ಪ್ರವಾದಿವರ್ಯರು(ಸ) ಮನೆಯಲ್ಲಿ ತಮ್ಮ ಪಾದರಕ್ಷೆಯನ್ನು ತಾವೇ ದುರಸ್ತಿ ಮಾಡಿಕೊಳ್ಳುತ್ತಿದ್ದರು, ಬಟ್ಟೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರು ಎಂಬ ಹಝ್ರತ್ ಆಯಿಶಾ(ರ)ರ ಮಾತನ್ನು ಕೆಲಸದ ನಡುವೆಯೇ ಮಕ್ಕಳಿಗೆ ತಿಳಿಸಿದೆ.

ದುರಸ್ತಿಯಾದ ಮೇಲೆ ಹುಡುಗ ಎಲ್ಲ ಆಟಗಳನ್ನೂ ಗೆದ್ದನೆಂದಲ್ಲ. ಗೆದ್ದ, ಸೋತ. ಸೋತಾಗಲೂ ಎದ್ದು ಹೋಗಲಿಲ್ಲ. ‘ಸೋಲಪ್ಪ’ ಎಂದು ಯಾರೂ ಕರೆಯಲಿಲ್ಲ. ಅಡ್ಡಹೆಸರಿನಿಂದ ಒಬ್ಬರನ್ನೊಬ್ಬರು ಹೀಗಳೆಯಬಾರದೆಂದು ಸೂರಃ ಅಲ್ ಹುಜುರಾತ್‌ನಲ್ಲಿ ಅಲ್ಲಾಹನು ಏಕೆ ಆಜ್ಞಾಪಿಸಿದ್ದಾನೆಂಬುದು ಆ ದಿನ ಮಕ್ಕಳಿಗೆ ಚೆನ್ನಾಗಿ ಅರ್ಥವಾಯಿತು.

ಸೂರಃ ಅರ್‍ರಹ್ಮಾನ್‌ನಲ್ಲಿ ಅಲ್ಲಾಹನು ಆಕಾಶವನ್ನು ಎತ್ತರಿಸಿದ ಪ್ರಸ್ತಾಪದ ಜೊತೆಗೇ ತಕ್ಕಡಿಯ ಪ್ರಸ್ತಾಪವೂ ಇದೆ. ಆ ತಕ್ಕಡಿ ಅಂಗಡಿಗಷ್ಟೇ ಸೀಮಿತವಲ್ಲ. ನುಅಮಾನ್ ಬಿನ್ ಬಶೀರ್(ರ)ರಿಗೆ ಅವರ ತಂದೆ ಒಂದು ಕೊಡುಗೆ ನೀಡಿದಾಗ, ಉಳಿದ ಮಕ್ಕಳಿಗೂ ಅಷ್ಟೇ ಕೊಟ್ಟಿರುವಿರಾ ಎಂದು ಪ್ರವಾದಿವರ್ಯರು(ಸ) ಕೇಳಿದರು. ಇಲ್ಲವೆಂದಾಗ, ಮಕ್ಕಳ ನಡುವೆ ನ್ಯಾಯ ಪಾಲಿಸುವಂತೆ ಆದೇಶಿಸಿದರು. ತಂದೆ ಕೊಡುಗೆಯನ್ನು ಹಿಂಪಡೆದರು.

ನಮ್ಮ ಮನೆಗಳಲ್ಲಿ ಎಷ್ಟು ಹಲಗೆಗಳು ಡೊಂಕಾಗಿವೆ! ಮಗನಿಗೆ ಟ್ಯೂಷನ್ ಇದೆ. ಮಗಳು ಪಾತ್ರೆ ತೊಳೆದು, ತಮ್ಮನನ್ನು ಮಲಗಿಸಿ, ರಾತ್ರಿ ಹತ್ತರ ಮೇಲೆ ಪುಸ್ತಕ ಹಿಡಿಯುತ್ತಾಳೆ. ಅಂಗಡಿಯಲ್ಲಿ ತಂದೆಗೆ ನೆರವಾಗುವ ಹಿರಿಯವನು ಓದಿನಲ್ಲಿ ಹಿಂದೆ ಬಿದ್ದರೆ ‘ದಡ್ಡ’ನೆನಿಸಿಕೊಳ್ಳುತ್ತಾನೆ. ಫಲಿತಾಂಶದ ದಿನ ಅಂಕಗಳನ್ನು ಮಾತ್ರ ಹೋಲಿಸಲಾಗುತ್ತದೆ; ಯಾವ ಮಗು ಏರಿನತ್ತ ಹೊಡೆಯುತ್ತಿತ್ತೆಂದು ಕೇಳುವವರಿಲ್ಲ. ಮಗುವಿನ ಕೈಯನ್ನು ದೂರುವ ಮುನ್ನ ಅದು ಕುಳಿತ ಕಡೆ ರಸಮಟ್ಟ ಇಟ್ಟು ನೋಡುವುದು ಹೆತ್ತವರ ಹೊಣೆ. ಮಕ್ಕಳು ನಮ್ಮ ಬಳಿಯಿರುವ ಅಮಾನತ್ತು. ಅವರ ಕುರಿತು ನಾಳೆ ನಮ್ಮ ವಿಚಾರಣೆಯಾಗಲಿಕ್ಕಿದೆ.

ನಮ್ಮ ಮಕ್ಕಳ ನಡುವೆ ನ್ಯಾಯ ಪಾಲಿಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ. ಆಮೀನ್.